ಬೆಟ್ಟದ ಓಟದಲ್ಲಿ ಒಂದು ಸಿಂಗಲ್ ಫೋಟೊ

ನಮ್ಮ ಸ್ಟುಡಿಯೊದಲ್ಲಿ ನೆಗೆಟಿವ್ ಇಡುವ ಕಾಗದದ ಕವರುಗಳ ಮೇಲೆ ಮೂರೇ ಮಾತು ಬರೆಯುತ್ತಿದ್ದೆವು. ಸಿಂಗಲ್, ಕಪಲ್, ಗ್ರೂಪ್. ಬರೆಯುವ ಕೆಲಸ ನನ್ನದು. ಹಾಸನದ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಕರ್ಸಿವ್ ರೈಟಿಂಗ್ ಕಲಿಸಲು ನನ್ನ ಬೆರಳ ಗೆಣ್ಣುಗಳಿಗೆ ಸ್ಕೇಲಿನಿಂದ ಹೊಡೆದದ್ದು ಕಡೆಗೆ ಉಪಯೋಗಕ್ಕೆ ಬಂದದ್ದು ಇಷ್ಟಕ್ಕೇ. ಅರಕಲಗೂಡಿನ ಸಂತೆ ಬೀದಿಯ ಫೋಟೊ ಸ್ಟುಡಿಯೊದ ಹಿಂದಿನ ಕೋಣೆಯಲ್ಲಿ ಕೂತು, ದುಂಡನೆಯ ಇಂಗ್ಲಿಷ್ ಅಕ್ಷರದಲ್ಲಿ ‘ಕಪಲ್’ ಎಂದು ಬರೆಯುವುದಕ್ಕೆ.

ಆ ಕವರುಗಳನ್ನು ಈಗ ತೆಗೆದು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಸಿಂಗಲ್ ಎಂಬ ಕಟ್ಟಿನಲ್ಲಿ ಹೆಂಗಸರು ಬಹಳ ಕಡಿಮೆ. ಹುಡುಗಿಗೆ ಗಂಡು ಹುಡುಕುವಾಗ ಒಂದು ತೆಗೆಸುತ್ತಿದ್ದರು, ರೇಷ್ಮೆ ಸೀರೆ, ಪಕ್ಕದಲ್ಲಿ ಪ್ಲಾಸ್ಟಿಕ್ ಹೂಕುಂಡ. ಅದು ಲಕೋಟೆಯೊಳಗೆ ಕೂತು ಚನ್ನರಾಯಪಟ್ಟಣ, ಹೊಳೆನರಸೀಪುರ ಎಂದು ಕಂಡವರ ಮನೆ ಸುತ್ತಿ ಅಲ್ಲೇ ಎಲ್ಲೋ ಉಳಿದುಹೋಗುತ್ತಿತ್ತು. ಆಮೇಲೆ ಅವಳು ಕಪಲ್, ಆಮೇಲೆ ಗ್ರೂಪ್. ಕಪಲ್ ತೆಗೆಯುವಾಗ ನಮ್ಮ ಯಜಮಾನರು, ಈಗಲೂ ನನ್ನ ಬಾಯಲ್ಲಿ ‘ಇವರು’ ಎಂದೇ ಬರುತ್ತದೆ, ಕಪ್ಪು ಬಟ್ಟೆಯೊಳಗಿಂದ ತಲೆ ಹೊರಹಾಕಿ ಗಂಡಿಗೆ ಹೇಳುತ್ತಿದ್ದರು: ‘ಸ್ವಲ್ಪ ಹತ್ರ ನಿಂತ್ಕಳಿ. ಭುಜದ ಮೇಲೆ ಕೈ ಇಡಿ. ನಾಚ್ಕೋಬೇಡಿ, ನಿಮ್ಮವರೇ ತಾನೆ?’ ಆಮೇಲೆ ನನ್ನ ಸರದಿ. ಸೀರೆಯ ನಿರಿಗೆ ಸರಿಮಾಡಿ, ಗಲ್ಲ ಒಂದಿಷ್ಟು ಎತ್ತಿ, ಹಿಂದೆ ಸರಿದು ನಿಂತು ಗಟ್ಟಿಯಾಗಿ ಹೇಳುತ್ತಿದ್ದೆ: ‘ರೆಡಿ. ಅಲ್ಲಾಡಬೇಡಿ.’ ಅಷ್ಟೆ. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಈ ಊರಿನ ಗಂಡು ಹೆಣ್ಣು ಮಕ್ಕಳು ಮುದುಕರೆಲ್ಲ ಆ ಮಾತಿಗೆ ಉಸಿರು ಹಿಡಿದು ನಿಂತಿದ್ದಾರೆ.

ಕೊರೋನಾದ ಎರಡನೇ ಅಲೆ ಬಂದಾಗ ಆ ಫೋಟೊಗಳೆಲ್ಲ ಹಿಂದಿರುಗಿ ಬಂದವು. ಅರ್ಧ ಇಳಿಸಿದ ಷಟರಿನ ಕೆಳಗಿನಿಂದ ಜನ ಹಳೆಯ ಫೋಟೊ ಒಳಗೆ ತಳ್ಳಿ, ದೂರ ನಿಂತು ಕೂಗಿ ಹೇಳುತ್ತಿದ್ದರು. ‘ಇದ್ರಲ್ಲಿ ನಮ್ಮವ್ವನ್ನ ಮಾತ್ರ ತೆಕ್ಕೊಡಿ ಅಮ್ಮಾರೆ.’ ಹಾರ ಹಾಕುವುದಕ್ಕೆ ಒಬ್ಬಳೇ ಇರುವ ಫೋಟೊ ಬೇಕು. ಮನೆಯಲ್ಲಿ ಒಬ್ಬಳೇ ಇರುವುದು ಎಂದರೆ ಆಧಾರ್ ಕಾರ್ಡಿನದು, ಅದರಲ್ಲಿ ಯಾರನ್ನು ನೋಡಿದರೂ ಏನೋ ಕದ್ದು ಸಿಕ್ಕಿಬಿದ್ದವರ ಹಾಗಿರುತ್ತಾರೆ. ಹೀಗಾಗಿ ನಾನು ಕತ್ತರಿಸಲು ಕೂತೆ. ಕತ್ತರಿ ಎಂದರೆ ಈಗ ಕಂಪ್ಯೂಟರ್. ಇಂಗ್ಲಿಷ್ ಮ್ಯಾನ್ಯುಯಲ್ ಓದಬಲ್ಲವಳು ಮನೆಯಲ್ಲಿ ನಾನೊಬ್ಬಳೇ ಆದ್ದರಿಂದ ಆ ವಿದ್ಯೆ ಕಲಿತದ್ದೂ ನಾನೇ. ಮದುವೆ ಫೋಟೊದಿಂದ, ನಾಮಕರಣದ ಗ್ರೂಪಿನಿಂದ, ಒಬ್ಬೊಬ್ಬರನ್ನೇ ಬಿಡಿಸಿ ತೆಗೆಯುವುದು. ಎಲ್ಲರ ಭುಜದ ಮೇಲೂ ಒಂದು ಕೈ. ಆ ಕೈ ಇಡಿಸಿದವರೂ ನಾವೇ, ತೆಗೆಯಬೇಕಾದವರೂ ನಾವೇ. ಪಕ್ಕದ ಸೀರೆಯ ಬಣ್ಣ ತಂದು ಬೆರಳುಗಳ ಮೇಲೆ ಹಚ್ಚಿ ಹಚ್ಚಿ ಮುಚ್ಚುತ್ತಿದ್ದೆ.

ಅದೇ ವಾರಗಳಲ್ಲಿ ಒಂದು ದಿನ ಇವರನ್ನು ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದರು. ನನ್ನನ್ನು ಒಳಗೆ ಬಿಡಲಿಲ್ಲ. ಒಂಬತ್ತನೇ ದಿನ ಫೋನು ಬಂತು. ಅದರ ಬಗ್ಗೆ ಇಷ್ಟೇ ಬರೆಯಬಲ್ಲೆ.

ಫೋನಿಗೆ ಕಾಯುತ್ತ ಕೂತ ದಿನಗಳಲ್ಲಿ ಮಾಡಿದ ಒಂದು ಫೋಟೊದ ಬಗ್ಗೆ ಮಾತ್ರ ಬರೆಯಬೇಕು. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಹೆಂಗಸೊಬ್ಬಳು ತನ್ನ ಅಕ್ಕನದು ಎಂದು ಕೊಟ್ಟುಹೋದದ್ದು. ಕಪಲ್. ಹಸಿರು ಸೀರೆ, ಎಡ ಭುಜದ ಮೇಲೆ ಗಂಡನ ಕೈ. ಮಾಡಿಕೊಟ್ಟೆ, ಅವಳು ತೆಗೆದುಕೊಂಡು ಹೋದಳು. ಮಾತಿಲ್ಲ ಕತೆಯಿಲ್ಲ.

ಆಮೇಲೆ ಊರು ಬಹಳ ದಿನ ಹಾಗೇ ಇತ್ತು. ನಮ್ಮ ಸಾಲಿನಲ್ಲಿ ಮೂರು ಅಂಗಡಿ ಬಾಗಿಲು ತೆರೆಯಲೇ ಇಲ್ಲ. ಸಂತೆ ಶುರುವಾದ ಮೇಲೂ ಜನ ಆಲೂಗೆಡ್ಡೆಯ ಗುಡ್ಡೆಯನ್ನು ದೂರದಿಂದಲೇ ಕೈ ತೋರಿಸಿ ಕೊಂಡು ಹೋಗುತ್ತಿದ್ದರು. ನಿಧಾನವಾಗಿ, ಬೇಕರಿಯ ಮುಂದೆ ನಿಂತು ಟೀ ಕುಡಿಯುವವರು ಬಂದರು. ಶುಂಠಿ ತುಂಬಿದ ಲಾರಿಗಳು ಬಂದವು. ಮದುವೆಗಳೂ ಆದವು, ಆದರೆ ಅವಕ್ಕೆ ಹಾಸನದಿಂದ ಡ್ರೋನ್ ತರುವ ಹುಡುಗರು ಬರುತ್ತಾರೆ. ನನ್ನ ಹತ್ತಿರ ಬರುವುದು ಪಾಸ್‌ಪೋರ್ಟ್ ಸೈಜ್ ಮಾತ್ರ. ಸ್ಟುಡಿಯೊದ ಹಿಂದಿನ ಎರಡು ಕೋಣೆಗಳಲ್ಲಿ ನನ್ನ ವಾಸ. ನಮಗೆ ಮಕ್ಕಳಾಗಲಿಲ್ಲ. ಕೆಲವು ದಿನ ಬೆಳಗಿನಿಂದ ಸಂಜೆಯವರೆಗೆ ನಾನು ಆಡುವ ಮಾತು ‘ಅಲ್ಲಾಡಬೇಡಿ’ ಒಂದೇ. ಅದನ್ನೂ ಆಡದ ದಿನಗಳುಂಟು.

ಇಂಥ ಊರಿನಲ್ಲಿ ರಿಟೈರ್ ಆದ ಪಿ.ಟಿ. ಮೇಷ್ಟ್ರೊಬ್ಬರಿಗೆ ಬೆಟ್ಟ ಹತ್ತಿ ಇಳಿಯುವ ಓಟ ನಡೆಸಬೇಕೆಂದು ಹೊಳೆಯಿತು. ಊರಾಚೆ ಒಂದು ಬೋಳು ಬೆಟ್ಟ. ಒಂದು ಮಗ್ಗುಲಿಂದ ಹತ್ತಿ ಇನ್ನೊಂದು ಮಗ್ಗುಲಿಂದ ಇಳಿದು, ಸಂತೆ ಮೈದಾನಕ್ಕೆ ಬಂದು ಮುಟ್ಟುವುದು. ಫ್ಲೆಕ್ಸಿನಲ್ಲಿ ‘ಟ್ರೇಲ್ ರೇಸ್’ ಎಂದು ಹಾಕಿಸಿದರು. ಬೆಂಗಳೂರು ಮೈಸೂರಿನಿಂದ ಜನ ಬರುತ್ತಾರೆ, ಲಾಡ್ಜು ತುಂಬುತ್ತದೆ, ಊರಿಗೆ ಉಸಿರು ಬರುತ್ತದೆ ಎಂದು ಅಂಗಡಿ ಅಂಗಡಿಗೆ ಹೋಗಿ ಹೇಳಿದರು. ಉಸಿರಿಲ್ಲದೆ ಅಷ್ಟು ಜನ ಹೋದ ಊರಲ್ಲಿ ಉಸಿರು ಕಟ್ಟುವ ಹಾಗೆ ಓಡುವ ಪಂದ್ಯ! ನನಗೆ ನಗು ಬಂತು. ಆದರೂ ಜನ ಹೆಸರು ಕೊಟ್ಟರು. ಬೇಕರಿಯವನು ಕೊಟ್ಟ, ಹಾರ್ಡ್‌ವೇರ್ ಅಂಗಡಿಯ ಅಣ್ಣತಮ್ಮಂದಿರು ಕೊಟ್ಟರು.

ಒಂದು ಮಧ್ಯಾಹ್ನ ಬಿಸಿಯೂಟದ ಹೆಂಗಸು ಸ್ಟುಡಿಯೊಕ್ಕೆ ಬಂದಳು. ಸೆರಗಿನಲ್ಲಿ ಒಗ್ಗರಣೆಯ ವಾಸನೆ. ನಲವತ್ತು ದಾಟಿರಬಹುದು, ಕಡ್ಡಿಯಂಥ ಮೈ.

‘ಅಮ್ಮಾರೆ, ಬೆಟ್ಟದ ಓಟಕ್ಕೆ ಎಸ್ರು ಕೊಟ್ಟಿವ್ನಿ.’

‘ನೀನಾ? ಮತ್ತೆ ಒಲೆ ಮುಂದೆ ಯಾರಮ್ಮ ಇರೋದು?’

‘ಭಾನ್ವಾರ ಕಣಮ್ಮಾರೆ. ಮಕ್ಳೂ ಉಣ್ಣಾಕಿಲ್ಲ, ನಾನೂ ಬೇಯ್ಸಾಕಿಲ್ಲ. ಏಳ್ನೇ ಕ್ಲಾಸ್ನಲ್ಲಿ ತಾಲ್ಲೂಕ್ಗೇ ಫಸ್ಟ್ ಓಡಿದ್ದೋಳು ನಾನು. ಆಮ್ಯಾಕೆ ಸ್ಕೂಲು ಬುಡುಸುದ್ರು. ಈಗ ಎರಡು ವರ್ಸದಿಂದ ಬೆಳಿಗ್ಗೆ ಕಾಲ್ವೆ ಏರಿ ಮ್ಯಾಲೆ ಓಡ್ತೀನಿ. ನಮ್ಮಕ್ಕ ಓದ್ಮ್ಯಾಕೆ.’

ಕಾನ್ವೆಂಟಿನವರು ಕಲಿಸಿದ ಪೊಲೈಟ್ ಮುಗುಳ್ನಗೆ ನಗುತ್ತ ನಾನು ಬೆಂಚು ತೋರಿಸಿದೆ. ಅವಳು ಕೂರಲಿಲ್ಲ.

‘ನಂಗೊಂದು ಫೋಟೊ ಬೇಕು. ಒಬ್ಳೇ ಇರೋದು.’

‘ಅದಕ್ಕೇನು? ಒಳಗೆ ಬಾ, ಈಗಲೇ ತೆಗೀತೀನಿ.’

‘ಊಹೂಂ, ನಿಂತ್ಕಂಡಿರೋದು ಬ್ಯಾಡ. ನಿಂತ್ಕಂಡಿರೋದು ಎಲ್ಲಾರ್ದೂ ಐತೆ. ಓಡ್ತಿರೋದು ಬೇಕು.’ ಆಮೇಲೆ ಗೋಡೆ ನೋಡುತ್ತ ಹೇಳಿದಳು: ‘ನಮ್ಮಕ್ಕನ ಫೋಟೊದಾಗೆ ಒಂದು ಉಗುರು ಉಳ್ಕಂಡೈತೆ, ನಿಮ್ಗೆ ಗೊತ್ತಾ?’

‘ಉಗುರಾ?’

‘ಭುಜದ ಮ್ಯಾಲೆ. ಎಬ್ಬೆಟ್ಟಿಂದು. ಕೈಯೆಲ್ಲಾ ಅಳಿಸ್ಬುಟ್ಟಿದ್ದೀರಿ, ಉಗುರು ಬುಟ್ಬುಟ್ಟಿದ್ದೀರಿ. ಕೈಯೋನು ವರ್ಸ ತುಂಬಾಕ್ ಮುಂಚೇನೇ ಬ್ಯಾರೆ ಮದ್ವೆ ಆದ. ಉಗುರು ಮಾತ್ರ ಅವಳ ಮ್ಯಾಲೇ ಕುಂತೈತೆ. ದಿನಾ ದೀಪ ಅಚ್ಚುವಾಗ ಕಣ್ಣು ಅಲ್ಲಿಗೇ ಓಯ್ತದೆ.’

ಎಲ್ಲ ಆಗಿಹೋಗಿ ಇಷ್ಟು ದಿನದ ಮೇಲೆ ಹೇಳುತ್ತಿದ್ದಾಳೆ, ಅದೂ ಜಗಳವಿಲ್ಲದೆ.

‘ಆವಾಗ್ಲೇ ಬಂದು ಯಾಕೆ ಹೇಳಲಿಲ್ಲ?’

‘ನಿಮ್ಮನೇವ್ರೂ ಓಗಿದ್ರು. ಉಗುರಿನ ಮಾತು ಎಂಗೆ ಆಡಾದು?’ ಎಂದಳು. ‘ನಾಳೆ ನಂಗೇನಾರ ಆದ್ರೆ ಯಾರೂ ನನ್ನ ಕತ್ತರಿಸ್ಬಾರ್ದು ಅಮ್ಮಾರೆ. ಮದ್ಲೇ ಒಂದಿರ್ಲಿ. ಆ ಓಟ ಮುಗಿಯೋ ಜಾಗ್ದಾಗೆ ಆಸನದ ಉಡುಗ್ರು ತೆಗೀತಾರಂತೆ. ಅಲ್ಲಿ ಗುಂಪು. ಯಾರ್ದೋ ಕೈಯೋ ಕಾಲೋ ಬಂದೇ ಬತ್ತದೆ. ಬೆಟ್ಟದ ಮ್ಯಾಲೆ ಆದ್ರೆ ಒಬ್ಳೇ ಸಿಕ್ತೀನಿ.’

ಆಗುವುದಿಲ್ಲ ಎನ್ನಲು ನನಗೆ ಕಾರಣಗಳು ಬೇಕಾದಷ್ಟಿದ್ದವು. ಎಪ್ಪತ್ತೆರಡು ವಯಸ್ಸು, ಒಂದು ಕಣ್ಣಿಗೆ ಕ್ಯಾಟರಾಕ್ಟ್ ಆಪರೇಷನ್, ಇನ್ನೊಂದಕ್ಕೆ ಆಗಬೇಕಿದೆ. ಎಲ್ಲಕ್ಕಿಂತ ಮುಖ್ಯ, ಚಲಿಸುವ ಯಾವುದರ ಫೋಟೊವನ್ನೂ ನಾನು ಒಮ್ಮೆಯೂ ತೆಗೆದವಳಲ್ಲ. ಔಟ್‌ಡೋರ್ ಎಲ್ಲ ಇವರದು. ನಾನು ಒಳಗಿನವಳು. ಆದರೆ ಆ ಉಗುರು ನನ್ನದೇ ತಪ್ಪು. ‘ಆಯ್ತು ಕಣಮ್ಮ, ಬರ್ತೀನಿ’ ಎಂದೆ.

ಮೇಷ್ಟ್ರು ಹೌಹಾರಿದರು. ‘ನೀವಾ ಅಮ್ಮಾ? ಬೆಟ್ಟಕ್ಕಾ? ಬ್ಯಾಡಿ. ಫಿನಿಷಿಂಗ್ ಹತ್ರ ನೆರಳಿದೆ, ಒಂದು ಚೇರ್ ಹಾಕ್ಸಿಕೊಡ್ತೀನಿ, ಚೀಫ್ ಗೆಸ್ಟ್ ಪಕ್ಕದಲ್ಲೇ.’

‘ನನಗೆ ಚೇರ್ ಬೇಡ ಮೇಷ್ಟ್ರೇ. ಇಳಿಯೋ ದಾರೀಲಿ ಒಂದು ತಿರುವು ಬೇಕು.’

‘ಕಾಲು ಜಾರಿದ್ರೆ ನನ್ನ ತಲೆ ಮೇಲೆ ಬರುತ್ತಲ್ಲಮ್ಮ.’

‘ನಾನು ಓಡೋದಿಲ್ಲ. ನಿಂತಿರ್ತೀನಿ. ನಿಲ್ಲೋದು ನನಗೆ ಚೆನ್ನಾಗಿ ಗೊತ್ತು.’

ಕಡೆಗೆ ಒಪ್ಪಿದರು. ಬೆಟ್ಟದ ಅರ್ಧಕ್ಕೆ ಒಂದು ಕಲ್ಲುಮಂಟಪ, ಅಲ್ಲಿಯವರೆಗೆ ಜೀಪು ಹೋಗುತ್ತದೆ. ನೀರಿನ ಕ್ಯಾನುಗಳ ಜೊತೆ ನನ್ನನ್ನೂ ಕಳಿಸುವುದು ಎಂದಾಯಿತು.

ಇವರ ಔಟ್‌ಡೋರ್ ಕ್ಯಾಮೆರಾವನ್ನು ಬೀರುವಿನಿಂದ ತೆಗೆದೆ. ಅವರು ಹೋದ ಮೇಲೆ ಮೊದಲ ಸಲ. ಕೊರಳ ಪಟ್ಟಿಯಲ್ಲಿ ಬೆವರಿನ ಕಲೆ ಹಾಗೇ ಇತ್ತು, ಅದನ್ನು ಒರೆಸಲಿಲ್ಲ. ಮ್ಯಾನ್ಯುಯಲ್ ಹುಡುಕಿ ಷಟರ್ ಸ್ಪೀಡಿನ ಅಧ್ಯಾಯವನ್ನು ಪರೀಕ್ಷೆಗೆ ಓದುವ ಹುಡುಗಿಯ ಹಾಗೆ ಪೆನ್ಸಿಲಿನಿಂದ ಗೆರೆ ಎಳೆದು ಓದಿದೆ. ಬರ್ಸ್ಟ್ ಎಂಬ ಒಂದು ಸೌಕರ್ಯ ಇದೆ, ಗುಂಡಿ ಒತ್ತಿ ಹಿಡಿದರೆ ಒಂದೇ ಏಟಿಗೆ ಹತ್ತಾರು ಫೋಟೊ. ನನಗದು ಅಸಭ್ಯ ಅನ್ನಿಸಿತು, ಊಟಕ್ಕೆ ಕೂತವರ ಬಾಯಿಗೆ ತುರುಕಿದ ಹಾಗೆ. ಒಂದು ಮುಖಕ್ಕೆ ಒಂದು ಕ್ಲಿಕ್. ಅದು ಬಿಟ್ಟು ನನಗೆ ಬೇರೆ ಗೊತ್ತಿಲ್ಲ.

ಪ್ರಾಕ್ಟೀಸ್ ಮಾಡೋಣವೆಂದು ಅಂಗಡಿ ಬಾಗಿಲಲ್ಲಿ ನಿಂತು ಆಟೊಗಳ ಮೇಲೆ ಗುರಿ ಇಟ್ಟೆ. ಕ್ಯಾಮೆರಾ ಎತ್ತಿದ ಕೂಡಲೇ ಆಟೊ ನಿಲ್ಲುತ್ತಿತ್ತು. ‘ಎಲ್ಗೆ ಬಿಡ್ಲಿ ಅಮ್ಮಾ?’ ಒಬ್ಬನಂತೂ ಇಳಿದು ಬಂದು, ಗಾಜಿನಲ್ಲಿ ತಲೆ ಬಾಚಿಕೊಂಡು, ಗಾಡಿಗೆ ಒರಗಿ ನಿಂತ. ಆಗಲೇ ನನಗೆ ತಿಳಿಯಬೇಕಿತ್ತು.

ಓಟದ ದಿನ ಜೀಪಿನವನು ನನ್ನನ್ನು ಮಂಟಪದ ಹತ್ತಿರ ಇಳಿಸಿ, ಕ್ಯಾನುಗಳನ್ನು ಹೊತ್ತುಕೊಂಡು ಆಚೆ ಮಗ್ಗುಲಿಗೆ ಹೊರಟುಹೋದ. ಚಳಿ. ಬೆಟ್ಟದ ಮೇಲೆ ನಾನು, ಒಂದು ಫ್ಲಾಸ್ಕ್ ಕಾಫಿ, ಕ್ಯಾಮೆರಾ. ಮಂಜು ಕೆಳಗೆ ಗದ್ದೆಗಳ ಮೇಲೆ ಮಲಗಿತ್ತು, ಅದರಾಚೆ ಹೇಮಾವತಿಯ ಹಿನ್ನೀರು ತಗಡಿನ ಚೂರಿನ ಹಾಗೆ ಕಾಣುತ್ತಿತ್ತು. ಆ ನೀರಿನ ಇನ್ನೊಂದು ಕೊನೆಯಲ್ಲಿ ಶೆಟ್ಟಿಹಳ್ಳಿ. ಅಲ್ಲಿನ ಮುರಿದ ಇಗರ್ಜಿಯ ಮುಂದೆ ಮದುವೆಯ ಜೋಡಿಗಳನ್ನು ನಿಲ್ಲಿಸಿ ತೆಗೆಯುವ ಫ್ಯಾಷನ್ ಬಂದಾಗ ಇವರೂ ಹೋಗುತ್ತಿದ್ದರು. ಒಂದು ಸಲ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಜೋಡಿ ಇನ್ನೂ ಬಂದಿರಲಿಲ್ಲ. ‘ಲೈಟ್ ನೋಡ್ಬೇಕು, ಒಂಚೂರು ಆ ಕಮಾನಿನ ಕೆಳಗೆ ನಿಂತ್ಕೋ’ ಎಂದರು. ನಿಂತೆ. ಗಲ್ಲ ನಾನೇ ಎತ್ತಿಕೊಂಡೆ. ಅವರು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು. ಅಷ್ಟರಲ್ಲಿ ಜೋಡಿಯ ಕಾರು ಬಂತು. ‘ಆಯ್ತು, ಸರ್ಕೋ’ ಎಂದರು. ಕ್ಲಿಕ್ ಆಗಲೇ ಇಲ್ಲ. ಊರಿಗೆಲ್ಲ ಫೋಟೊ ತೆಗೆದ ಮನೆಯಲ್ಲಿ ನನ್ನದೊಂದು ಸಿಂಗಲ್ ಇಲ್ಲ. ಅವರದೂ ಇಲ್ಲ. ಈಗ ಗೋಡೆಯ ಮೇಲಿರುವುದು ಅವರ ಲೈಸೆನ್ಸಿನಿಂದ ದೊಡ್ಡದು ಮಾಡಿದ್ದು.

ಅವರು ಹೇಳುತ್ತಿದ್ದ ರೂಲ್ ಒಂದಿತ್ತು: ಸೂರ್ಯ ಬೆನ್ನಿಗಿರಲಿ, ನೆರಳು ಮಾತ್ರ ಫ್ರೇಮಿಗೆ ಬರದಿರಲಿ. ತಿರುವಿನಲ್ಲಿ ಒಂದು ಎತ್ತರದ ಬಂಡೆ. ಅದರ ನೆರಳಿನೊಳಗೆ ನಿಂತರೆ ನನ್ನ ನೆರಳು ಅದರಲ್ಲೇ ಕರಗಿಹೋಗುತ್ತದೆ. ಮೇಲಿನಿಂದ ಇಳಿಯುವವರ ಮುಖಕ್ಕೆ ನೇರ ಬಿಸಿಲು. ಜಾಗ ಚೆನ್ನಾಗಿತ್ತು. ಮಾತಾಡುವುದಕ್ಕೆ ಯಾರೂ ಇಲ್ಲದೆ ಕ್ಯಾಮೆರಾಗೇ ‘ನೋಡಪ್ಪ, ಮಾನ ಉಳಿಸು’ ಎಂದೆ.

ಮೊದಲು ಬಂದವರು ಪರಸ್ಥಳದವರು. ಬಣ್ಣಬಣ್ಣದ ಷೂ, ಕಿವಿಯಲ್ಲಿ ಏನೋ ಸಿಕ್ಕಿಸಿಕೊಂಡು, ನಾನೊಂದು ಕಲ್ಲೋ ಗಿಡವೋ ಎಂಬಂತೆ ಹಾದುಹೋದರು. ಅವರ ಫೋಟೊ ಚೆನ್ನಾಗಿಯೇ ಬಂತು. ಧೈರ್ಯ ಬಂತು. ಆಮೇಲೆ ನಮ್ಮೂರಿನವರು ಶುರುವಾದರು.

ಮೊದಲು ಬೇಕರಿಯವನು. ಧಡಧಡ ಇಳಿದು ಬರುತ್ತಿದ್ದವನು ನನ್ನನ್ನು ಕಂಡದ್ದೇ ತಡ, ಗಕ್ಕನೆ ನಿಂತ. ಬೆವರು ಒರೆಸಿಕೊಂಡ. ಟೀ ಶರ್ಟು ಕೆಳಗೆಳೆದುಕೊಂಡ. ಎರಡು ಕೈ ತೊಡೆಗಂಟಿಸಿ ನೆಟ್ಟಗಾದ.

‘ಯಾಕಪ್ಪ ನಿಂತೆ? ಓಡು!’

‘ಓಡುದ್ರೆ ಫೋಟೊ ಕೆಡಾಕಿಲ್ವಾ ಅಮ್ಮಾ? ನೀವೇ ಅಲ್ವಾ ನಾವ್ ಚಿಕ್ಕುಡುಗ್ರಾಗಿದ್ದಾಗ ಬೈತಿದ್ದುದು?’

‘ಇದು ರೇಸ್ ಕಣೋ!’

‘ಒಂದೇ ಒಂದು ತಗಳ್ಳಿ ಅಮ್ಮಾ, ಉಸುರು ಇಡ್ಕಂಡಿವ್ನಿ.’

ತೆಗೆದೆ. ಬೇರೆ ದಾರಿಯೇ ಇರಲಿಲ್ಲ. ಹಾರ್ಡ್‌ವೇರ್ ಅಂಗಡಿಯ ಅಣ್ಣ ಬಂದವನು ನಿಂತ; ತಮ್ಮ ಹಿಂದಿದ್ದಾನೆಂದು ಅವನಿಗಾಗಿ ಕಾದ; ಇಬ್ಬರೂ ಹೆಗಲ ಮೇಲೆ ಕೈ ಹಾಕಿ ನಿಂತರು. ‘ಇನ್ನೊಂಚೂರು ಅತ್ರ ಬಾರ್ಲಾ’ ಎಂದು ಅಣ್ಣ ತಮ್ಮನನ್ನು ಎಳೆದುಕೊಂಡ. ಬ್ಯಾಂಕಿನ ಗುಮಾಸ್ತರು ಕನ್ನಡಕ ತೆಗೆಯಲೋ ಬೇಡವೋ ಎಂದು ಕೇಳಿದರು, ‘ಗ್ಲೇರ್ ಬರುತ್ತೇನೋ ಅಂತ’. ಸ್ವಲ್ಪ ಹೊತ್ತಿಗೆ ಮೇಷ್ಟ್ರ ಫೋನು.

‘ಅಮ್ಮಾ, ಪರಸ್ಥಳದೋರು ಬರ್ತಾ ಇದಾರೆ. ನಮ್ಮೂರೋರು ಒಬ್ಬನೂ ಬರ್ಲಿಲ್ವಲ್ಲ! ಏನಾಗ್ತಿದೆ ಅಲ್ಲಿ?’

‘ಫೋಟೊ ತೆಗೆಸ್ಕೊಳ್ತಿದಾರೆ ಮೇಷ್ಟ್ರೇ.’

‘ಕೈ ಮುಗಿದು ಕೇಳ್ಕೋತೀನಿ ಅಮ್ಮಾ, ಬಂಡೆ ಹಿಂದೆ ಬಚ್ಚಿಟ್ಕೊಳಿ’ ಎಂದರು.

ಎಷ್ಟೋ ತಿಂಗಳ ಮೇಲೆ ನಾನು ಗಟ್ಟಿಯಾಗಿ ನಕ್ಕೆ. ಒಬ್ಬಳೇ ಬೆಟ್ಟದ ಮೇಲೆ ನಕ್ಕದ್ದು ನನಗೇ ವಿಚಿತ್ರವಾಗಿ ಕೇಳಿಸಿತು, ನಿಲ್ಲಿಸಿದೆ.

ಹೆಂಗಸರ ಓಟ ಅರ್ಧ ಗಂಟೆ ತಡವಾಗಿ ಬಿಟ್ಟಿದ್ದರು. ಬಿಸಿಯೂಟದವಳಿಗೆ ಹಿಂದಿನ ದಿನವೇ ಹೇಳಿದ್ದೆ, ನನ್ನನ್ನು ಕಂಡರೂ ಕಾಣದ ಹಾಗೆ ಓಡು, ನಿಲ್ಲಬೇಡ ಎಂದು. ‘ನಾನ್ಯಾಕೆ ನಿಂತ್ಕತೀನಿ?’ ಎಂದಿದ್ದಳು. ಚನ್ನರಾಯಪಟ್ಟಣದ ಒಂದು ಕಾಲೇಜು ಹುಡುಗಿ ಮೊದಲು ಹಾದುಹೋದಳು, ಗಾಳಿಯ ಹಾಗೆ. ಅವಳ ಹಿಂದೆ, ಬಹಳ ಹಿಂದೇನಲ್ಲ, ತಿರುವಿನ ಮೇಲ್ತುದಿಯಲ್ಲಿ ನನ್ನವಳು ಕಾಣಿಸಿಕೊಂಡಳು. ಚೂಡಿದಾರದ ಮೇಲೆ ಓಟದವರು ಕೊಟ್ಟ ದೊಗಳೆ ಟೀ ಶರ್ಟು, ಸೊಂಟಕ್ಕೆ ಬಿಗಿದ ದುಪ್ಪಟ್ಟ, ಬೆನ್ನ ಮೇಲೆ ಕುಣಿಯುವ ಜಡೆ. ಮುಖದ ಮೇಲೆ ಪೂರ್ತಿ ಬಿಸಿಲು. ಅವಳ ಸುತ್ತ ಯಾರೂ ಇಲ್ಲ, ಬರೀ ಕಲ್ಲು, ಹುಲ್ಲು. ಎರಡನೆಯವಳಾಗಿ ಬರುತ್ತಿದ್ದಾಳೆ! ಕ್ಯಾಮೆರಾ ಕಣ್ಣಿಗಿಟ್ಟೆ. ಎಲ್ಲ ಸರಿಯಾಗಿತ್ತು. ಸರಿಯಾಗಿದೆ ಅನ್ನಿಸಿದ ಆ ಕ್ಷಣಕ್ಕೆ ಸರಿಯಾಗಿ ನನ್ನ ಬಾಯಿ ತಾನಾಗಿ ತೆರೆದುಕೊಂಡಿತು.

‘ರೆಡಿ. ಅಲ್ಲಾಡಬೇಡಿ!’

ಅವಳು ನಿಂತಳು. ಜಲ್ಲಿಕಲ್ಲಿನ ಮೇಲೆ ಎರಡು ಮಾರು ಜಾರಿ, ಕೈ ಇಳಿಬಿಟ್ಟು, ಗಲ್ಲ ಎತ್ತಿ, ನನ್ನ ಕಡೆ ನೆಟ್ಟಗೆ ನೋಡುತ್ತ ನಿಂತಳು. ನನ್ನ ಬೆರಳು ಒತ್ತಿತು. ಕ್ಲಿಕ್.

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು.

‘ಅಯ್ಯೋ, ನೀವೇ ನಿಲ್ಲಿಸ್ಬುಟ್ರಲ್ಲ ಅಮ್ಮಾರೆ!’

‘ಬಾಯಿ ತಪ್ಪಿ ಬಂತು ಕಣಮ್ಮ. ಹೋಗು, ನೀನು ಹೋಗು, ಸೆಕೆಂಡ್ ಇದ್ದೀಯ.’

ಅವಳು ಏದುಸಿರು ಬಿಡುತ್ತ ಕೆಳಗಿನ ದಾರಿ ನೋಡಿದಳು. ಸಂತೆ ಮೈದಾನದ ಮೈಕಿನ ಸದ್ದು ತೆಳ್ಳಗೆ ಕೇಳುತ್ತಿತ್ತು. ಮೇಲೆ ತಿರುಗಿ ನೋಡಿದಳು. ಇನ್ನಿಬ್ಬರು ಇಳಿಯುತ್ತಿದ್ದ ಸದ್ದು.

‘ಬಂತಾ ಫೋಟೊ?’

‘ನಿಂತಿರೋದು ಬಂತು.’

ಒಂದು ಸಲ ಕಣ್ಣು ಮುಚ್ಚಿ ತೆರೆದಳು. ಆಮೇಲೆ ತಿರುಗಿ ಬೆಟ್ಟದ ಮೇಲಕ್ಕೆ ಹತ್ತತೊಡಗಿದಳು. ಹತ್ತುತ್ತಲೇ ಕೂಗಿದಳು: ‘ಈ ಸಲ ಬಾಯ್ ಮುಚ್ಕಂಡಿರಿ ಅಮ್ಮಾರೆ!’

ಇನ್ನಿಬ್ಬರು ಹೆಂಗಸರು ಅವಳನ್ನು ಎದುರಿನಿಂದ ದಾಟಿ, ಇವಳಿಗೇನಾಯಿತು ಎಂಬಂತೆ ತಿರುಗಿ ನೋಡುತ್ತ, ನನ್ನ ಮುಂದೆ ಹಾದು ಇಳಿದುಹೋದರು. ಅವಳು ದಾರಿ ಖಾಲಿಯಾಗುವವರೆಗೆ ಮೇಲೆ ಕಾದಳು. ನಾನು ಸೆರಗಿನ ತುದಿಯನ್ನು ಬಾಯಿಗೆ ತುರುಕಿ ಹಲ್ಲಿನಲ್ಲಿ ಕಚ್ಚಿಕೊಂಡೆ. ಅವಳು ಹೊರಟಳು. ಮೊದಲಿಗಿಂತ ಜೋರಾಗಿ ಬಂದಳು, ಸಿಟ್ಟಿನಿಂದಲೋ ಏನೋ. ಹತ್ತಿರ ಬೇಕು, ಇನ್ನೂ ಹತ್ತಿರ ಬೇಕು ಅನ್ನಿಸಿ ನಾನೂ ಎರಡು ಹೆಜ್ಜೆ ಮುಂದೆ ಹೋದೆ. ಒತ್ತಿದೆ. ಒಂದೇ ಸಲ. ಅವಳು ನನ್ನ ಕಡೆ ಕಣ್ಣೆತ್ತದೆ, ನಾನೊಂದು ಕಲ್ಲೋ ಗಿಡವೋ ಎಂಬಂತೆ, ಗಾಳಿ ಬೀಸಿಕೊಂಡು ಪಕ್ಕದಲ್ಲೇ ಹಾದು ಇಳಿದುಹೋದಳು.

ಹೆಜ್ಜೆಯ ಸದ್ದು ಬಹಳ ಹೊತ್ತು ಕೇಳಿತು. ಆಮೇಲೆ ಅದೂ ನಿಂತಿತು. ಸೆರಗು ಬಾಯಿಂದ ತೆಗೆದೆ, ಒದ್ದೆಯಾಗಿತ್ತು. ಇನ್ನೂ ಯಾರು ಯಾರೋ ಬಂದರು, ಯಾರ ಫೋಟೊ ಹೇಗೆ ತೆಗೆದೆನೋ ನೆನಪಿಲ್ಲ. ಜೀಪು ಬರುವವರೆಗೆ ತಣ್ಣಗಾದ ಕಾಫಿ ಕುಡಿಯುತ್ತ ಮಂಟಪದ ಕಟ್ಟೆಯ ಮೇಲೆ ಕೂತಿದ್ದೆ. ನೋಡಿ, ಬಂತು ಎಂದು ನಾನು ಹೇಳಬೇಕಾಗಿದ್ದದ್ದು ಇವರೊಬ್ಬರಿಗೆ.

ಅವಳು ನಾಲ್ಕನೆಯವಳಾಗಿ ಮುಟ್ಟಿದಳಂತೆ. ಮೂರು ಜನಕ್ಕೆ ಮಾತ್ರ ಬಹುಮಾನದ ಕಪ್ಪು ಕೊಟ್ಟರು.

ಮಾರನೆಯ ದಿನ ಕಂಪ್ಯೂಟರಿನಲ್ಲಿ ನೋಡಿದೆ. ಎರಡು ಪಾದವೂ ನೆಲದ ಮೇಲಿಲ್ಲ. ಜಡೆ ಗಾಳಿಯಲ್ಲಿ ನಿಂತಿದೆ. ಬಾಯಿ ಸ್ವಲ್ಪ ತೆರೆದಿದೆ, ಕಣ್ಣು ಮುಂದಿನ ಕಲ್ಲಿನ ಮೇಲಿದೆ. ಪ್ರತಿ ರೆಪ್ಪೆಯೂ ಎಣಿಸುವ ಹಾಗೆ ಶಾರ್ಪ್. ಇವರು ತೆಗೆದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು ಎಂದುಕೊಂಡೆ, ಆಮೇಲೆ, ಇಲ್ಲ, ಇರುತ್ತಿರಲಿಲ್ಲ ಎಂದುಕೊಂಡೆ.

ಚಿತ್ರದ ಕೆಳಗಡೆ ಒಂದು ನೆರಳು. ಬಂಡೆಯ ನೆರಳನ್ನು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಿದ್ದೆನಲ್ಲ. ಬೆಳಗಿನ ಬಿಸಿಲಿಗೆ ಉದ್ದಕ್ಕೆ ಚಾಚಿ, ಸೆರಗಿನ ಅಂಚು, ಎತ್ತಿದ ಎರಡು ಮೊಣಕೈ, ಕ್ಯಾಮೆರಾ ಹಿಡಿದ ತಲೆ, ಎಲ್ಲ ಅಚ್ಚುಕಟ್ಟಾಗಿ ಬಿದ್ದಿದ್ದವು. ನನ್ನ ತಲೆಯ ನೆರಳು ಅವಳ ಪಾದದ ಕೆಳಗಿನ ಖಾಲಿ ಜಾಗವನ್ನು ಮುಟ್ಟಿತ್ತು.

ಮೂರು ದಿನ ಅದನ್ನು ಹಾಗೇ ಇಟ್ಟುಕೊಂಡಿದ್ದೆ. ನೆರಳು ತಾನೆ, ಕೈಯಲ್ಲವಲ್ಲ. ಅವಳು ಏನೂ ಅನ್ನುವುದಿಲ್ಲ, ‘ಇರ್ಲಿ ಬುಡಿ ಅಮ್ಮಾರೆ’ ಎಂದಾಳು. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಪಾಸ್‌ಪೋರ್ಟ್ ಸೈಜಿಗೆ ಬಂದವರು ಹೋದ ಮೇಲೆ ತೆರೆದು ನೋಡುವುದು, ಮುಚ್ಚುವುದು. ಇಷ್ಟು ವರ್ಷಕ್ಕೆ ನಾನೊಂದು ಫೋಟೊದಲ್ಲಿ ಬಂದಿದ್ದೆ, ನನ್ನ ಕೆಲಸ ಮಾಡುತ್ತ, ಯಾರಿಗೋ ಬೆಳಕು ನೋಡುವುದಕ್ಕೆ ನಿಂತವಳಾಗಿ ಅಲ್ಲ.

ನಾಲ್ಕನೇ ದಿನ ಅವಳ ಅಕ್ಕನ ಫೈಲು ಹುಡುಕಿ ತೆಗೆದೆ. ದೊಡ್ಡದು ಮಾಡಿ ನೋಡಿದೆ. ಇತ್ತು. ಹಸಿರು ಸೀರೆಯ ಮೇಲೆ ಅಕ್ಕಿಕಾಳಿನಷ್ಟು ಉಗುರು, ಬಣ್ಣ ಹಚ್ಚಿದ ಗೆರೆ ಅದರ ಪಕ್ಕಕ್ಕೆ ಬಂದು ನಿಂತುಹೋಗಿತ್ತು. ಅಲ್ಲಿಗೆ ಬಂದಾಗಲೇ ಫೋನು ಬಂದಿರಬೇಕು. ಸೀರೆಯ ಹಸಿರನ್ನು ತಂದು ಮುಚ್ಚಿದೆ. ಕೆಲಸ ಒಂದು ನಿಮಿಷದ್ದು. ಆಮೇಲೆ ಓಟದ ಫೋಟೊ ತೆರೆದು ಕೂತೆ. ಒಬ್ಳೇ ಇರೋದು ಎಂದಿದ್ದಳು. ಪಕ್ಕದ ಕೆಮ್ಮಣ್ಣು, ಜಲ್ಲಿ, ಒಣ ಹುಲ್ಲನ್ನು ತಂದು ತಂದು ಮೊದಲು ತಲೆಯ ಮೇಲೆ, ಆಮೇಲೆ ಮೊಣಕೈಗಳ ಮೇಲೆ, ಕಡೆಗೆ ಸೆರಗಿನ ಮೇಲೆ ಹಚ್ಚಿದೆ. ಮಧ್ಯಾಹ್ನವೆಲ್ಲ ಹಿಡಿಯಿತು. ಈ ಸಲ ಏನೂ ಉಳಿಯದ ಹಾಗೆ ಮೂರು ಸಲ ದೊಡ್ಡದು ಮಾಡಿ ನೋಡಿದೆ.

ಅವಳು ಶಾಲೆ ಮುಗಿಸಿ ಬಂದಳು. ಅಕ್ಕನ ಫೋಟೊ ಮೊದಲು ಕೊಟ್ಟೆ. ಬೆರಳಿನಿಂದ ಭುಜ ಸವರಿ ನೋಡಿ, ಸೆರಗಿನಲ್ಲಿ ಸುತ್ತಿಟ್ಟುಕೊಂಡಳು. ಆಮೇಲೆ ತನ್ನದು ನೋಡಿದಳು.

‘ಅಯ್ಯಯ್ಯೋ, ಆರ್ತಾ ಇವ್ನಲ್ಲ ನಾನು!’ ಎಂದು ಬಾಯಿ ಮೇಲೆ ಕೈ ಇಟ್ಟುಕೊಂಡಳು. ಮೂಲೆ ಮೂಲೆ ಹುಡುಕಿದಳು. ‘ಇದ್ರಲ್ಲಿ ಯಾರೂ ಇಲ್ಲ ಅಲ್ವಾ ಅಮ್ಮಾರೆ?’

‘ನೀನೊಬ್ಬಳೇ ಕಣಮ್ಮ.’

‘ಕಪ್ಪು ತಪ್ಪಿಸ್ಬುಟ್ಟೆ ಅಂತ ಬ್ಯಾಸ್ರ ಮಾಡ್ಕಬ್ಯಾಡಿ. ಕಪ್ಪು ಇಟ್ಕಂಡು ಏನ್ ಮಾಡಾನ? ಸಾರು ಉಯ್ಯಕ್ಕೂ ಆಗಾಕಿಲ್ಲ.’ ಬಾಗಿಲವರೆಗೆ ಹೋದವಳು ತಿರುಗಿ, ‘ಮುಂದಿನ ವರ್ಸಾನೂ ಓಡ್ತೀನಿ. ನೀವು ಮಾತ್ರ ಬರ್ಬ್ಯಾಡಿ’ ಎಂದು ನಕ್ಕು, ಬೀದಿಗಿಳಿದು ಹೋದಳು.

ಈಗ ನೆಗೆಟಿವ್ ಇಲ್ಲ, ಕವರಿಲ್ಲ. ಕಂಪ್ಯೂಟರಿನಲ್ಲೂ ನಾನು ಅವೇ ಮೂರು ಫೋಲ್ಡರ್ ಮಾಡಿಟ್ಟಿದ್ದೇನೆ. ಅವಳದನ್ನು ಸಿಂಗಲ್‌ಗೆ ಹಾಕಿದೆ. ನೆರಳಿರುವ ಮೊದಲಿನದನ್ನು ಅಳಿಸಲಿಲ್ಲ. ಅದನ್ನು ಎಲ್ಲಿಡುವುದು ಎಂದು ಸ್ವಲ್ಪ ಹೊತ್ತು ಯೋಚಿಸಿದೆ. ಅದರಲ್ಲಿ ನಾವಿಬ್ಬರು, ಆದರೆ ಇಬ್ಬರಿಗೆ ನಮ್ಮ ಸ್ಟುಡಿಯೊದಲ್ಲಿ ಇದ್ದದ್ದು ಕಪಲ್ ಎಂಬ ಒಂದೇ ಪದ. ಕಡೆಗೆ ಗ್ರೂಪ್‌ನಲ್ಲಿ ಇಟ್ಟೆ.